ಗುಲಾಬ ಬಸ್ಸಿನ ಮೂರನೇ ಕಿಟಕಿ

೧.

ಎಲ್ಲಿಂದ ಹೊರಡಿಸಲಿ? ಬಸ್ಸಾದರೆ ಸ್ಟ್ಯಾಂಡಿನಿಂದ ಹೊರಡುತ್ತದೆ, ಅದಕ್ಕೊಂದು ಫಲಕ ಇರುತ್ತದೆ, ಫಲಕದ ಮೇಲೆ ಊರಿನ ಹೆಸರಿರುತ್ತದೆ. ಕಥೆಗೆ ಅಂಥ ಅನುಕೂಲಗಳಿಲ್ಲ. ಬೆಳಗಿನಿಂದ ಸ್ಟಾರ್ಟ್ ಮಾಡುತ್ತಲೇ ಇದ್ದೇನೆ, ಬಂದ್ ಬೀಳುತ್ತಲೇ ಇದೆ. ಮೊದಲನೆಯ ಪ್ರಯತ್ನ ಹೀಗಿತ್ತು:

"ಪ್ರಯಾಣಿಕರ ಗಮನಕ್ಕೆ. ಇಳಕಲ್ಲಿನಿಂದ ಹುನಗುಂದ, ಬಾಗಲಕೋಟೆ ಮಾರ್ಗವಾಗಿ ಬಾದಾಮಿಗೆ ತೆರಳುವ ಗುಲಾಬ ಮೋಟರ್ ಸರ್ವಿಸ್ ವಾಹನವು ಇನ್ನು ಕೆಲವೇ ಕ್ಷಣಗಳಲ್ಲಿ..."

(ಇದನ್ನು ಮೂಗಿನಿಂದ ಓದಬೇಕು. ಕಾಲೇಜು ಗ್ಯಾದರಿಂಗಿನಲ್ಲಿ ಇದೇ ದನಿ ತೆಗೆದು ನಾನೊಂದು ಸ್ಟೀಲ್ ತಟ್ಟೆ ಗೆದ್ದಿದ್ದೇನೆ. ತಟ್ಟೆ ಈಗಲೂ ಮನೆಯಲ್ಲಿದೆ. ದನಿ ಅಷ್ಟು ಬಾಳಿಕೆ ಬರಲಿಲ್ಲ.)

ಹರಿದು ಹಾಕಿದೆ. ಕಾರಣ, ಗುಲಾಬ ಮೋಟರ್ ಸರ್ವಿಸ್ ಎಂಬ ಬಸ್ಸು ಯಾವ ನಿಲ್ದಾಣಕ್ಕೂ ಯಾವತ್ತೂ ಬಂದಿಲ್ಲ. ಅಂಥ ಬಸ್ಸೇ ಇರಲಿಲ್ಲ.

ನೋಡಿ, ಕೊನೆಯ ಪುಟಕ್ಕೆಂದು ಕಟ್ಟಿಟ್ಟ ಬುತ್ತಿಯನ್ನು ಮೊದಲ ಸ್ಟಾಪಿನಲ್ಲೇ ಬಿಚ್ಚಿ ತಿಂದೆ. ಇರಲಿ. ಈಗ ನಿಮಗೆ ಗೊತ್ತು, ನನಗೆ ಗೊತ್ತು, ಬಾದಾಮಿಯ ಜಹೀರನಿಗೆ ಗೊತ್ತು. ಗೊತ್ತಿಲ್ಲದವನು ಒಬ್ಬನೇ: ಆ ಬಸ್ಸನ್ನು ಕಟ್ಟುತ್ತಿರುವ ನಾಗಲಿಂಗ.

೨.

ನಾಗಲಿಂಗನ ಅಂಗಡಿ ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ಹತ್ತಿರದ ಓಣಿಯಲ್ಲಿದೆ. ರೇಡಿಯಂ ಅಂಗಡಿ. ಬೈಕಿನ ನಂಬರು, ಟಂಟಂ ಆಟೋದ ಹಿಂದಿನ 'ತಾಯಿಯ ಆಶೀರ್ವಾದ', ಟ್ರ್ಯಾಕ್ಟರಿನ ಮೂತಿಯ ಮೇಲಿನ ಹುಲಿ, ಎಲ್ಲವನ್ನೂ ಹೊಳೆಯುವ ಹಾಳೆಯಲ್ಲಿ ಕತ್ತರಿಸಿ ಅಂಟಿಸುವುದು ಹೊಟ್ಟೆಪಾಡು. ಹುಚ್ಚು ಬೇರೆಯದು. ನಿಜವಾದ ಗಾಡಿಗಳನ್ನು ಟೇಪು ಹಿಡಿದು ಅಳೆದು, ಹತ್ತರಲ್ಲೊಂದು ಪಾಲಿಗೆ ಇಳಿಸಿ, ಸನ್‌ಬೋರ್ಡಿನ ಹಗುರ ಹಲಗೆ, ತಗಡು, ಸೈಕಲ್ ಕಡ್ಡಿಗಳಿಂದ ಪ್ರತಿಯೊಂದು ಭಾಗವನ್ನೂ ಕೈಯಿಂದಲೇ ಮಾಡಿ ಕಟ್ಟುವುದು. ಪೇಟೆಯಲ್ಲಿ ಸಿಗುವ ಒಂದು ಚಕ್ರ ಹಚ್ಚಿದರೂ ಕುಲಗೆಟ್ಟ ಹಾಗೆ.

ಇಂಥ ಹುಚ್ಚರದೇ ಒಂದು ವಾಟ್ಸಾಪ್ ಗ್ರೂಪು ಇದೆ. ಹೆಸರು 'ಮಲಪ್ರಭಾ ಬಾಡಿ ಬಿಲ್ಡರ್ಸ್'. (ಜಿಮ್ಮಿನ ಗ್ರೂಪೆಂದು ತಿಳಿದು ಸೇರಿದ ಪೈಲ್ವಾನರೊಬ್ಬರು ಇನ್ನೂ ಹೊರಗೆ ಹೋಗಿಲ್ಲ. ದಿನಾ ತಮ್ಮ ತೋಳಿನ ಫೋಟೋದೊಂದಿಗೆ ಶುಭೋದಯ ಹಾಕುತ್ತಾರೆ.) ಈ ಗ್ರೂಪಿಗೆ ಎರಡು ಕಟ್ಟಳೆ. ಗಾಡಿ ಮಾರುವಂತಿಲ್ಲ, ಸರದಿಯ ಮೇಲೆ ಒಬ್ಬರು ಇನ್ನೊಬ್ಬರಿಗೆ ಕಟ್ಟಿಕೊಡಬೇಕು. ಇನ್ನೊಂದು, ತೆಗೆದುಕೊಳ್ಳುವವನು ಗಾಡಿಯನ್ನು ಮುಟ್ಟುವ ಮೊದಲು ಬಾಯಿಬಿಟ್ಟು ಒಂದು ಕುಂದು ಹೇಳಬೇಕು. ಕಟ್ಟಿದವನು ಅದನ್ನು ಅಲ್ಲೇ ಸರಿಪಡಿಸಬೇಕು. ಸರಿಯಾಗುವತನಕ ಗಾಡಿ ಕೈ ಬದಲಾಗುವುದಿಲ್ಲ. 'ಏನೂ ಕುಂದಿಲ್ಲ' ಎಂದುಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ಸರಿಯಾಗಿ ನೋಡಲೇ ಇಲ್ಲ ಎಂದು ಅರ್ಥ.

ಈ ಎರಡನೆಯ ಕಟ್ಟಳೆ ನೆನಪಿನಲ್ಲಿಡಿ. ನಾನು ಮರೆತರೂ ನೀವು ಮರೆಯಬೇಡಿ.

೩.

ಲಾಕ್‌ಡೌನಿನ ಕಾಲ. ಜಹೀರ ಬಾದಾಮಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಮದುವೆ ಇಲ್ಲ, ಪ್ರವಾಸಿಗಳಿಲ್ಲ, ಗುಹೆಗಳ ಮುಂದೆ ಕೋತಿಗಳನ್ನು ಬಿಟ್ಟರೆ ಪೋಸು ಕೊಡುವವರಿಲ್ಲ. ಹೊತ್ತು ಹೋಗದೆ ಬೂಟಿನ ಡಬ್ಬಿಯ ರಟ್ಟಿನಿಂದ ಗೇಣುದ್ದದ ಬಸ್ಸು ಮಾಡಿದ. ಕಟ್ಟಳೆ ಗಿಟ್ಟಳೆ ಏನಿಲ್ಲ, ಸುಮ್ಮನೆ ಮನಸ್ಸಿಗೆ ಬಂದ ಬಸ್ಸು. ಚಕ್ರಕ್ಕೆ ಥಂಡಾ ಬಾಟ್ಲಿಯ ತಗಡು ಮುಚ್ಚಳ, ಸ್ಟೇರಿಂಗಿಗೆ ಅಂಗಿಯ ಗುಂಡಿ, ಕಿಟಕಿಗಳಿಗೆ ಮಿಠಾಯಿ ಡಬ್ಬಿಯ ಪ್ಲಾಸ್ಟಿಕ್ಕು. ಹಳದಿ ಬಣ್ಣ ಹೊಡೆದು, ಮೇಲೆ ತನ್ನ ಅಜ್ಜಿ ಗುಲಾಬಬಿಯ ಹೆಸರು ಚಿಕ್ಕದು ಮಾಡಿ 'ಗುಲಾಬ ಮೋಟರ್ ಸರ್ವಿಸ್' ಎಂದು ಬರೆದ. ಮಾಳಿಗೆಯ ಮೇಲೆ ಮಣ್ಣು ಹರಡಿ, ಮೊಬೈಲನ್ನು ನೆಲಕ್ಕೆ ತಾಗಿಸಿ ಹಿಡಿದು, ಹಿಂದೆ ಬಾದಾಮಿಯ ಕೆಂಪು ಗುಡ್ಡ ಬರುವಂತೆ ಫೋಟೋ ತೆಗೆದ. ಬಣ್ಣ ಮಾಸಿಸಿದ. ಹಳೆಯ ಕಾಲದ ಬಸ್ಸಿನ ಹಳೆಯ ಕಾಲದ ಫೋಟೋ ತಯಾರಾಯಿತು. ಗ್ರೂಪಿಗೆ ಹಾಕಿ ಕೆಳಗೆ ಬರೆದ: "ಈ ಬಸ್ಸು ಯಾರಿಗೆ ನೆನಪೈತಿ?"

ಚಾ ಕುಡಿದು ಬಂದು 'ಹೆಂಗ ಮಂಗ್ಯಾ ಮಾಡಿದೆ' ಎಂದು ನಗುವ ವಿಚಾರ. ಚಾ ಕುಡಿದು ಬರುವುದರಲ್ಲಿ ನಾಗಲಿಂಗ ಬರೆದಿದ್ದ:

"ಲೇ ಜಹೀರ, ನಾ ಇದರಾಗ ಕುಂತೇನಿ. ನಮ್ಮಪ್ಪನ ತೊಡಿ ಮ್ಯಾಲೆ. ಮೂರನೇ ಕಿಟಕಿ. ಗ್ಲಾಸು ಪೂರಾ ಮುಚ್ಚತಿದ್ದಿಲ್ಲ. ಗಾಳಿ ಬರತೈತಂತ ಅಪ್ಪ ಸಂದಿಗೆ ಕೈ ಅಡ್ಡ ಹಿಡದಿದ್ದ. ಅಪ್ಪಂದು ನನಗ ಅದೊಂದ ನೆನಪು."

ನಾಗಲಿಂಗನ ತಂದೆ ಅಮಾತೆಪ್ಪ ನೇಕಾರ. ಮಗನನ್ನು ಸಾಲೆಗೆ ಹಾಕುವ ಮೊದಲೇ ತೀರಿಕೊಂಡವನು. ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇಲ್ಲ.

ಜಹೀರ 'ಚಾಷ್ಟಿ ಮಾಡಿದೆ' ಎಂದು ಟೈಪು ಮಾಡಿದ. ಅಳಿಸಿದ. ಮತ್ತೆ ಮಾಡಿದ, ಅಳಿಸಿದ. ಆ ಮೇಲೆ ಹೇಳುವ ಹೊತ್ತು ಯಾವುದು ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಈ ವರ್ಷ ಜಹೀರನಿಗೆ ಗಾಡಿ ಕಟ್ಟಿಕೊಡುವ ಸರದಿ ನಾಗಲಿಂಗನಿಗೆ ಬಂತು. "ಯಾವ ಗಾಡಿ ಬೇಕಂತ ಕೇಳೂದಿಲ್ಲ, ನಿನಗ ಗುಲಾಬ ಬಸ್ಸ ಕಟ್ಟಿಕೊಡ್ತೇನಿ" ಎಂದು ನಾಗಲಿಂಗ ಹಾಕಿದ. ಜಹೀರ ಒಂದು ಹೆಬ್ಬೆರಳು ಕಳಿಸಿ ಮೊಬೈಲು ಬಂದ್ ಮಾಡಿದ.

ನಾನು ಜಹೀರನನ್ನು ಬದಿಗೆ ಕರೆದು ಕೇಳಿದೆ, "ಆಗಲೇ ಹೇಳಿಬಿಡಬಾರದಿತ್ತೇನಪ್ಪಾ?"

"ನೀವ ಹೇಳ್ರಿ ಸರ. ಬರಿಯೋರು ನೀವು."

"ನಾನು ಹೇಳಿದರೆ ಕಥೆ ಇಲ್ಲಿಗೇ ಮುಗಿಯುತ್ತದೆ."

"ನಾ ಹೇಳಿದ್ರ ನನ್ನ ದೋಸ್ತನ ಅಪ್ಪ ಮುಗೀತಾನ್ರಿ. ನಿಮ್ಮದೇನು, ಬರೇ ಕಥಿ."

(ಲೇಖಕನಿಗೆ ಹೀಗೆಲ್ಲ ಮಾತಾಡುವ ಪಾತ್ರಗಳನ್ನು ಇಟ್ಟುಕೊಳ್ಳಬಾರದು. ಬಸ್ಸಿಗೆ ನಿರ್ವಾಹಕ ಇಲ್ಲ, ನನಗೆ ನಿರ್ವಾಹ ಇಲ್ಲ. ಮುಂದೆ ಹೋಗೋಣ.)

೪.

ಗಾಡಿ ಗುಜರಿಗೆ ಹೋಗಿದ್ದರೆ ಫೋಟೋ ನೋಡಿ ಕಟ್ಟಬಹುದೆಂಬ ರಿಯಾಯಿತಿ ಗ್ರೂಪಿನಲ್ಲಿದೆ. ನಾಗಲಿಂಗ ಆ ಫೋಟೋವನ್ನು ಬಾಗಿಲಷ್ಟು ದೊಡ್ಡ ಫ್ಲೆಕ್ಸ್ ಹೊಡೆಸಿ ಗೋಡೆಗೆ ಹಚ್ಚಿದ. ಬಸ್ಸಿನ ಬಾಗಿಲು ಆಳೆತ್ತರ ಇರಲೇಬೇಕೆಂದು ಹಿಡಿದು ಉಳಿದ ಅಳತೆಗಳನ್ನು ಲೆಕ್ಕ ಹಾಕಿದ. ಮಂಚದ ಮೇಲೆ ಐದು ಗೇಣುದ್ದದ ಬಸ್ಸು ಏಳತೊಡಗಿತು.

ಏನಾಯಿತು ಗಮನಿಸಿದಿರಾ? ಮೂಲ ಒಂದು ಗೇಣು, ಅದರ ಮಾದರಿ ಐದು ಗೇಣು. (ಇದು ಮಾದರಿ ಕಥೆಯಲ್ಲ, ಮಾದರಿಯ ಕಥೆ ಎಂದು ಇಲ್ಲಿ ಒಂದು ಜೋಕು ಹಾಕಿದ್ದೆ, ತೆಗೆದಿದ್ದೇನೆ.)

ಫೋಟೋದಲ್ಲಿ ಅವನಿಗೆ ಕೆಲವು ತಿಳಿಯದ ಸಂಗತಿಗಳಿದ್ದವು. ಟೈರಿನ ಅಂಚಿಗೆ ಸುತ್ತಲೂ ನಿರಿಗೆ ಇತ್ತು. "ಹಿಂದಿನ ಕಾಲದ ಕೆಸರಿನ ರಸ್ತೆಕ್ಕ ಇಂಥಾ ಟೈರ ಬರ್ತಿದ್ದವು" ಎಂದು ಅವನು ಗ್ರೂಪಿಗೆ ಹಾಕಿದ. ಪೈಲ್ವಾನರು ಹೌದೆಂದರು. ಬಸ್ಸಿನ ನೆತ್ತಿಯ ಮೇಲೆ ಬಿಳಿಯದೊಂದು ದುಂಡು ವಸ್ತು ಇತ್ತು. ಯಾರೋ ಸಂತೆಯಿಂದ ಒಯ್ಯುತ್ತಿದ್ದ ಬೂದುಗುಂಬಳ ಇರಬೇಕೆಂದು ಪೈಪಿನ ತೂತು ಮುಚ್ಚುವ ಎಂ-ಸೀಲಿನಲ್ಲಿ ಒಂದು ಪುಟ್ಟ ಕುಂಬಳಕಾಯಿ ಮಾಡಿ ಅದಕ್ಕೆ ಬೂದಿ ಕೂಡ ಬಳಿದ. ಎಲ್ಲಕ್ಕಿಂತ ತಲೆ ತಿಂದದ್ದು ಸ್ಟೇರಿಂಗು. ಅಡ್ಡ ಕಡ್ಡಿಗಳೇ ಇಲ್ಲ. ನಾಲ್ಕು ತೂತುಗಳ ಒಂದು ತಟ್ಟೆ. ಒಂದು ತೂತಿನಿಂದ ವಯರು ಹೊರಬಂದಿದೆ. ಹಾರ್ನಿನದು ಇದ್ದೀತು. ನಾಗಲಿಂಗ ಒಂದು ಕ್ಯಾರಂ ಸ್ಟ್ರೈಕರ್ ತಂದು ತೂತು ಕೊರೆಯತೊಡಗಿದ.

ಅವನ ಹೆಂಡತಿ ಭುವನೇಶ್ವರಿ ಅದೇ ಕೋಣೆಯಲ್ಲಿ ಹೊಲಿಗೆ ಮಷೀನಿಟ್ಟುಕೊಂಡು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ, ಪಿಕೊ ಮಾಡುತ್ತಾಳೆ. ಬಸ್ಸು ಮಂಚಕ್ಕೆ ಬಂದಾಗಿನಿಂದ ನೆಲದ ಮೇಲೆ ಮಲಗುತ್ತಿದ್ದಾಳೆ.

"ಏನ್ರಿ, ಆಡೋ ಸ್ಟ್ರೈಕರ್‌ಗೆ ಯಾಕ ತೂತ ಹೊಡಿಯಾಕತ್ತೀರಿ?"

"ಸ್ಟೇರಿಂಗ್ ಐತಿ ಇದು."

"ಯಾವ ಬಸ್ಸಿಂದು ಸ್ಟೇರಿಂಗ್ ಹಿಂಗಿರತೈತಿ?"

"ನಿನಗೇನ ಗೊತ್ತಾಗತೈತಿ? ಹಳೇ ಮಾಡೆಲ್. ನೋಡಲ್ಲೆ."

ಭುವನೇಶ್ವರಿ ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಎದ್ದು ಬಂದು ಫ್ಲೆಕ್ಸಿಗೆ ಮುಖ ಹಚ್ಚಿ ನೋಡಿದಳು. ಸೂಜಿ ತೆಗೆದಳು.

"ಇದು ಗುಂಡಿ ಐತ್ರಿ."

"ಏನು?"

"ಅಂಗಿ ಗುಂಡಿ. ಹರದ ಅಂಗೀದು ಕಿತ್ತ ಹಚ್ಚ್ಯಾರ. ದಾರ ಇನ್ನೂ ಹಂಗ ಐತಿ ನೋಡ್ರಿ ತೂತಿನ್ಯಾಗ."

ಹಾರ್ನಿನ ವಯರನ್ನು ನಾಗಲಿಂಗ ಆಗಲೇ ತಾಮ್ರದ ತಂತಿಯಲ್ಲಿ ಮಾಡಿಟ್ಟಿದ್ದ. ಅದನ್ನು ಕೈಯಲ್ಲಿ ಹಿಡಿದು ನಿಂತ. ಒಂದು ಗುಂಡಿ ಕಳಚಿದ್ದೇ ತಡ, ಉಳಿದದ್ದು ತಾನೇ ಬಿಚ್ಚಿಕೊಂಡಿತು. ಟೈರುಗಳು ಕಣ್ಣೆದುರಿಗೇ ಥಂಡಾ ಬಾಟ್ಲಿಯ ಮುಚ್ಚಳಗಳಾದವು. ನೆತ್ತಿಯ ಮೇಲಿನ ಕುಂಬಳ ಮಾಳಿಗೆಯಲ್ಲಿ ಒಣಹಾಕಿದ್ದ ಜೋಳದ ಒಂದು ಕಾಳಾಯಿತು. ಇಂಥ ಫೋಟೋಗಳನ್ನು ಅವನೇ ಎಷ್ಟು ತೆಗೆದಿಲ್ಲ, ನೆಲಕ್ಕೆ ಮೊಬೈಲು ತಾಗಿಸಿ!

ಅವನು ಮಂಚದ ಅಂಚಿಗೆ ಕುಳಿತ. ಜಹೀರನ ಮೇಲೆ ಸಿಟ್ಟು ಬರಬೇಕಿತ್ತು. (ನಾನು ಸಿಟ್ಟಿಗೆ ಜಾಗ ಬಿಟ್ಟಿದ್ದೆ.) ಅವನು ಕೇಳಿದ್ದು ಬೇರೆಯೇ.

"ಹಂಗಾರ ನಾ ಕುಂತಿದ್ದು ಯಾದರಾಗ?"

೫.

(ಈ ಭಾಗದಲ್ಲಿ ನಡೆಯಬೇಕಿದ್ದುದು ನಡೆಯಲಿಲ್ಲ. ನಾಗಲಿಂಗ ಕೆಲಸ ನಿಲ್ಲಿಸಿದ್ದಾನೆ.)

"ಬಸ್ಸು ಮುಗಿಸು ಮಾರಾಯಾ. ಓದುಗರು ಕಾಯುತ್ತಿದ್ದಾರೆ."

"ಕಾಯ್ಲಿ ಬಿಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ಕಾಯಂಗಿಲ್ಲೇನು ಮಂದಿ?"

"ಜಹೀರನಿಗೆ ಫೋನು ಹಚ್ಚಿ ಬೈದುಬಿಡು. ಒಂದು ಒಳ್ಳೆಯ ಜಗಳ ಬರೆದು ಬಹಳ ದಿನವಾಯಿತು."

"ಬೈದ್ರ ಅಂವ ಖರೆ ಹೇಳ್ತಾನ. ಅಂವ ಬಾಯಿಬಿಟ್ಟ ಹೇಳಿದ ಮ್ಯಾಲೆ ನಾ ಏನ ಇಟಗೊಳ್ಳಿ ಹಂತೇಕ?" ನನ್ನ ಕಡೆ ತಿರುಗಿ, "ನಿಮಗ ಮದಲ ಗೊತ್ತಿತ್ತೇನ್ರಿ?" ಎಂದ.

ನಾನು ಪೆನ್ನಿನ ಮುಚ್ಚಳ ಹುಡುಕುವವನಂತೆ ಮಾಡಿದೆ. ಅವನು ಹಿಂದಿನ ಹಾಳೆಗಳನ್ನು ತಿರುವಿದ. ಮೊದಲ ಪುಟಕ್ಕೆ ಬಂದು ನಿಂತ.

"ಪುಟಾ ಒಂದರಾಗ ಊರಿಗೆಲ್ಲಾ ಹೇಳೀರಲ್ರಿ. ನನ್ನೊಬ್ಬನ್ನ ಬಿಟ್ಟು."

ಇದಕ್ಕೆ ಯಾರ ದನಿಯಲ್ಲಿ ಉತ್ತರ ಕೊಡಲಿ? ನನ್ನ ಬಳಿ ಕಂಡಕ್ಟರನದು ಇದೆ, ಪ್ರಿನ್ಸಿಪಾಲರದು ಇದೆ, ಸಂತೆಯಲ್ಲಿ ಇಲಿ ಪಾಷಾಣ ಮಾರುವವನದು ಇದೆ. ಇದಕ್ಕೆ ಬೇಕಾದದ್ದು ಮಾತ್ರ ಸಿಗಲಿಲ್ಲ.

೬.

ನಾಗಲಿಂಗನ ತಾಯಿ ಗುರುಲಿಂಗವ್ವ ಹೊಸ್ತಿಲಿನಲ್ಲಿ ಕಾಲು ಚಾಚಿ ಕುಳಿತು ನೂಲು ಸುತ್ತುತ್ತಿದ್ದಳು. ಮಗ್ಗ ಹೋಗಿ ಎಷ್ಟೋ ವರ್ಷವಾದರೂ ಪಕ್ಕದ ಮನೆಯವರ ನೂಲು ತಂದು ಸುತ್ತುತ್ತಾಳೆ. ಕೈ ಸುಮ್ಮನಿದ್ದರೆ ಮೊಣಕಾಲು ನೋಯುತ್ತದಂತೆ.

"ಯವ್ವ, ಅಪ್ಪ ನನ್ನ ಬಾದಾಮಿಗೆ ಬಸ್ಸಿನ್ಯಾಗ ಕರಕೊಂಡ ಹೋಗಿದ್ನಲ್ಲ?"

"ಯಾರು, ನಿಮ್ಮಪ್ಪ? ಬಾದಾಮಿಗಿ? ಆ ಮಗ್ಗದ ಕುಣಿ ಬಿಟ್ಟ ಮ್ಯಾಲೆ ಎದ್ದಿದ್ರ ಹೌದು."

"ಬ್ಯಾರೆ ಎಲ್ಲೆರ?"

"ಎಲ್ಲಿಗಿ ಒಯ್ಯತಾನಲೇ? ಊರಾಗಿನ ಸಂತಿಗೂ ನಾನ ಹೋಗ್ತಿದ್ದೆ." ನೂಲು ಒಂದು ಸುತ್ತು ಸುತ್ತಿ ನಿಂತಿತು. "ಹಾಂ. ನಿನಗ ಕಿವಿ ಸೋರತಿತ್ತು. ಹುನಗುಂದದ ದವಾಖಾನಿಗೆ ಒಮ್ಮೆ ಒಯ್ದಿದ್ದ. ಗಾಳಿ ತಾಗಿಸಬ್ಯಾಡ ನೋಡು ಅಂತ ಹೇಳಿ ಕಳಿಸಿದ್ದೆ."

"ಬಸ್ಸಿನ್ಯಾಗ?"

"ಬಸ್ಸೋ, ಲಾರಿಯೋ, ಯಾರದರ ಜೀಪೋ. ನಾ ಎಲ್ಲಿ ಬಂದಿದ್ದೆ?"

"ಕಿಟಕಿ ಇತ್ತೇನಬೇ?"

"ಅದನ್ನೂ ನಾನ ಹೇಳಬೇಕೇನ? ಕುಂತಾವ ನೀನು!"

ನಾಗಲಿಂಗ ಒಳಗೆ ಬಂದ. ಉಳಿದದ್ದು ಕಿಟಕಿಗಳ ಕೆಲಸವೊಂದೇ. ಹಳೆಯ ಎಕ್ಸ್‌ರೇ ಹಾಳೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದರೆ ಕಪ್ಪು ಬಿಟ್ಟು ಗಾಜಿನಂತಾಗುತ್ತದೆ. ಈ ಹುಚ್ಚರೆಲ್ಲ ಕಿಟಕಿಗಳನ್ನು ಮಾಡುವುದು ಹೀಗೆಯೇ. ಗುರುಲಿಂಗವ್ವನ ಮೊಣಕಾಲಿನ ಎಕ್ಸ್‌ರೇ ತೊಳೆದು ಅವನು ಗಾಜು ಕತ್ತರಿಸಿದ. ಫೋಟೋದಲ್ಲಿ ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಅವನು ಒಂದೊಂದನ್ನೇ ಮುಚ್ಚಿ ಕೂರಿಸಿದ. ಮೂರನೆಯದಕ್ಕೆ ಬಂದಾಗ ಗಾಜನ್ನು ಅರ್ಧಕ್ಕೆ ನಿಲ್ಲಿಸಿ ಅಂಟು ಹಚ್ಚಿದ.

ಇಡೀ ಬಸ್ಸಿನಲ್ಲಿ ಫೋಟೋ ನೋಡದೆ ಮಾಡಿದ್ದು ಅದೊಂದೇ. ನಾಲ್ಕು ತೂತಿನ ಸ್ಟೇರಿಂಗನ್ನು ಮಾತ್ರ ಫೋಟೋದಲ್ಲಿದ್ದ ಹಾಗೆಯೇ ಹಾಕಿದ, ಹಾರ್ನಿನ ವಯರಿನ ಸಮೇತ. ಯಾಕೆ ಎಂದು ಕೇಳಿದೆ. ನನ್ನೊಂದಿಗೆ ಮಾತು ಬಿಟ್ಟಿದ್ದಾನೆ.

೭.

ಇಳಕಲ್ಲಿನಿಂದ ಬಾದಾಮಿಗೆ ಬಾಗಲಕೋಟೆ ಸುತ್ತು ಹಾಕಿ ಹೋಗಬೇಕಾದ ಅಗತ್ಯ ಇಲ್ಲ. ನಾಗಲಿಂಗನನ್ನು ಬಾಗಲಕೋಟೆಗೆ ಬರಮಾಡಿಕೊಂಡದ್ದು ನಾನು. ನಾನಿರುವುದು ಅಲ್ಲಿ.

ಬಸ್ಸನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಕಂಡಕ್ಟರ್ ಬಂದ.

"ಏನ್ರಿ ಅದು, ಕೂಸೇನು?"

"ಬಸ್ಸು."

"ಬಸ್ಸಿನ್ಯಾಗ ಬಸ್ ಒಯ್ಯಾಕತ್ತೀರಿ? ಅದರಾಗ ಎಷ್ಟ ಮಂದಿ ಅದಾರ ನೋಡ್ರಿ, ಎಲ್ಲಾರಿಗೂ ತಿಕೀಟ ತಗಸ್ರಿ ಮತ್ತ."

ಹಿಂದಿನ ಸೀಟಿನವರೆಲ್ಲ ನಕ್ಕರು. ನಾಗಲಿಂಗ ನಗಲಿಲ್ಲ. ಮೂರನೇ ಕಿಟಕಿಯ ಬಳಿ ಕೌದಿ ಸರಿದಿತ್ತು, ಸರಿಪಡಿಸಿ ಹೊದಿಸಿದ.

ಹುನಗುಂದದಲ್ಲಿ ಒಬ್ಬ ಮುದುಕ ಹತ್ತಿ ಅವನ ಪಕ್ಕ ಕುಳಿತ. (ಈತನನ್ನು ನಾನು ಹತ್ತಿಸಿಲ್ಲ. ನನ್ನ ಯಾವ ಕರಡಿನಲ್ಲೂ ಈತ ಇಲ್ಲ. ಹೆಸರು ಶಂಕ್ರಪ್ಪ ಎಂಬುದು ಕೂಡ ಅವನು ಫೋನಿನಲ್ಲಿ 'ನಾ ಶಂಕ್ರಪ್ಪ ಮಾತಾಡಾಕತ್ತೀನಿ' ಎಂದು ಒದರಿದ್ದರಿಂದ ಗೊತ್ತಾದದ್ದು.) ಮುದುಕ ಕೌದಿಯ ಅಂಚು ಎತ್ತಿ ನೋಡಿದ. ಹೆಸರು ಬರೆದ ಬದಿ ನಾಗಲಿಂಗನ ಎದೆಗೆ ಒತ್ತಿಕೊಂಡಿತ್ತು.

"ತಮ್ಮಾ, ಗುಲಾಬ ಬಸ್ಸಲ್ಲೇನ ಇದು?"

ನಾಗಲಿಂಗ ಮುದುಕನ ಕಡೆ ತಿರುಗಿದ. ನನ್ನ ಪೆನ್ನು ನಿಂತಿತು.

"ನಿಮಗ ಗೊತ್ತೈತೇನ್ರಿ ಕಾಕಾ?"

"ಗೊತ್ತಿಲ್ಲದ ಏನು? ಇದರಾಗ ಓಡಾಡಿ ಓಡಾಡಿ ಸೊಂಟ ಹೋಗೇತಿ ನಂದು. ಕೆಂಪ ಇತ್ತಲ್ಲ?"

"ಹಳದಿ ಐತ್ರಿ."

"ಹಳದಿನ. ಧೂಳ ಹತ್ತಿ ಕೆಂಪ ಕಾಣತಿತ್ತು."

"ಇದರದು ಮೂರನೇ ಕಿಟಕಿ ಮುಚ್ಚತಿದ್ದಿಲ್ಲ, ನೆನಪೈತೇನ್ರಿ?"

ಶಂಕ್ರಪ್ಪ ನಾಗಲಿಂಗನ ಮುಖವನ್ನು ಒಂದು ಕ್ಷಣ ನೋಡಿದ. "ಆಗಿನ ಬಸ್ಸಿಂದು ಯಾವ ಕಿಟಕಿ ಮುಚ್ಚತಿತ್ತು ತಮ್ಮಾ?" ಎಂದ. ಅಮೀನಗಡದಲ್ಲಿ ಇಳಿದು, ಕರದಂಟಿನ ಅಂಗಡಿಯೊಂದನ್ನು ಹೊಕ್ಕು, ಈ ಕಥೆಯಿಂದ ಹೋದ.

ಅವನಿಗೆ ಗೊತ್ತಿತ್ತೋ, ಗೊತ್ತಿದೆ ಎಂದುಕೊಂಡನೋ, ಎದುರಿಗೆ ಕುಳಿತವನ ಮುಖ ನೋಡಿ ಹಾಗೆಂದನೋ? ಇಷ್ಟಕ್ಕೂ ಗುಲಾಬ ಎಂಬ ಹೆಸರು ಅವನಿಗೆ ಹೇಳಿದವರು ಯಾರು? ಜಹೀರ ಇಲ್ಲದ್ದನ್ನು ಕಟ್ಟಿದ ಎಂದು ನಿಮಗೆ ಆಣೆ ಮಾಡಿ ಹೇಳಿದವನು ನಾನು. ಈಗ ನನಗೇ ಸಂಶಯ. ಪುಟ ಒಂದನ್ನು ತಿದ್ದಲೇ? ಬೇಡ, ನೀವು ಓದಿಬಿಟ್ಟಿದ್ದೀರಿ.

ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ನಾಗಲಿಂಗ ಇಳಿದ. ದೂರದಲ್ಲಿ ನಿಂತ ನನ್ನನ್ನು ನೋಡಿದ, ನೋಡದವನಂತೆ ಮಾಡಿದ. ಬಾದಾಮಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಕಂಬದ ಹಿಂದೆ ಸರಿದು ಮೂಗಿನ ದನಿ ತೆಗೆದೆ: "ಪ್ರಯಾಣಿಕರ ಗಮನಕ್ಕೆ. ಬಾದಾಮಿಗೆ ತೆರಳುವ ವಾಹನವು ಎಡಗಡೆಯ ಕೊನೆಯ ಅಂಕಣದಲ್ಲಿ..." ಇಬ್ಬರು ಹೆಂಗಸರು ಚೀಲ ಎತ್ತಿಕೊಂಡು ಎಡಕ್ಕೆ ಓಡಿದರು. ನಾಗಲಿಂಗನೂ ಓಡಿದ. ಅವನಿಗಾಗಿ ನಾನು ಮಾಡಿದ ಉಪಕಾರ ಇದೊಂದೇ.

೮.

ಅವನು ಬಾದಾಮಿ ತಲುಪುವುದರೊಳಗೆ ಕೊನೆಯನ್ನು ತಯಾರು ಮಾಡಬೇಕು. ಮಾಡಿದವು ಇವು:

(ಅ) ದಾರಿಯಲ್ಲಿ ಡ್ರೈವರ್ ಬ್ರೇಕು ಹೊಡೆಯುತ್ತಾನೆ, ಮಾದರಿ ಚೂರಾಗುತ್ತದೆ, ಕೊಡುವ ಪ್ರಶ್ನೆಯೂ ಇಲ್ಲ ಕೇಳುವ ಪ್ರಶ್ನೆಯೂ ಇಲ್ಲ. ಇದನ್ನು ಓದಿ ಭುವನೇಶ್ವರಿ ಇಳಕಲ್ಲಿನಿಂದಲೇ ಕೂಗಿದಳು: "ಆ ಬಸ್ಸಿನ ಸಲವಾಗಿ ಇಷ್ಟ ದಿವಸ ನೆಲದ ಮ್ಯಾಲೆ ಮಲಗೇನ್ರಿ ನಾ. ಒಂದ ಸಾಲಿನ್ಯಾಗ ಒಡದ ಬಿಡ್ತೀರಿ?" ಆ ಸಾಲನ್ನು ಹೊಡೆದು ಹಾಕಿದೆ.

(ಆ) ಜಹೀರನ ಅಟ್ಟದಲ್ಲಿ ಹಳೆಯ ಬಸ್ ತಿಕೀಟು ಸಿಗುತ್ತದೆ, ಮೇಲೆ 'ಗುಲಾಬ ಮೋಟರ್ ಸರ್ವಿಸ್' ಎಂದು ಅಚ್ಚಾಗಿದೆ. ಎಲ್ಲರೂ ಬೆರಗಾಗುತ್ತಾರೆ. ಅಷ್ಟು ಅನುಕೂಲದ ತಿಕೀಟು ಹರಿಯಲು ನನಗೇ ನಾಚಿಕೆಯಾಯಿತು.

(ಇ) ಇದರಲ್ಲಿ ನಾಗಲಿಂಗ ಜಹೀರನ ಕಪಾಳಕ್ಕೆ ಹೊಡೆಯುತ್ತಾನೆ. ಬರೆಯುತ್ತಿದ್ದಂತೆ ಬಸ್ಸು ಬಾದಾಮಿ ಮುಟ್ಟಿಬಿಟ್ಟಿತು. ಅರ್ಧಕ್ಕೆ ಬಿಟ್ಟು ಓಡಿದೆ.

೯.

ಜಹೀರನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವರು ಕೈಯೂರಿ ನಿಲ್ಲುವ ಮೇಜಿನ ಮೇಲೆ ಬಸ್ಸು ನಿಂತಿತು. ಹಿಂದಿನ ಪರದೆಯ ಮೇಲೆ ಯಾವುದೋ ದೇಶದ ಹಿಮಬೆಟ್ಟ. ಜಹೀರನ ಹೆಂಡತಿ ಸುಲ್ತಾನಾ "ಚಾ ತಗೋರಿ ಅಣ್ಣಾರ" ಎಂದು ಕಪ್ಪು ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

ಜಹೀರ ಕೈ ಹಿಂದೆ ಕಟ್ಟಿಕೊಂಡು ಬಸ್ಸಿನ ಸುತ್ತ ನಡೆದ. ಕುಂದು ಹೇಳುವತನಕ ಮುಟ್ಟುವಂತಿಲ್ಲ. ನಿರಿಗೆಯ ಟೈರು ನೋಡಿದ. ನೆತ್ತಿಯ ಮೇಲಿನ ಕುಂಬಳ ನೋಡಿದ. ಬಗ್ಗಿ ಒಳಗೆ ನೋಡಿದಾಗ ನಾಲ್ಕು ತೂತಿನ ಸ್ಟೇರಿಂಗು, ತೂತಿನಿಂದ ಹೊರಬಂದ ತಂತಿ. ಅವನು ಬಗ್ಗಿದವನು ಬಗ್ಗಿಯೇ ಇದ್ದ.

ನಾಗಲಿಂಗ ತಿಳಿದು ಮಾಡಿದನೋ, ತಿಳಿಯದೆ ಮಾಡಿದನೋ? ಜಹೀರ ಅದನ್ನು ಕೇಳಿದರೆ ಎಲ್ಲ ಹೇಳಿದಂತೆ. ಕೇಳದಿದ್ದರೆ ಹೇಳಲು ಬೇರೆ ಕುಂದೆಲ್ಲಿದೆ? ಅರ್ಧ ತೆರೆದ ಮೂರನೇ ಕಿಟಕಿಯೊಂದನ್ನು ಬಿಟ್ಟರೆ ಬಸ್ಸು ಫೋಟೋದ ಹಾಗೆಯೇ ಇದೆ, ಅದನ್ನು ಕುಂದೆನ್ನುವಂತಿಲ್ಲ. ಕುಂದೇ ಇಲ್ಲ ಎಂದರೆ ಅವಮಾನ.

"ಹೇಳಲೇ," ಎಂದ ನಾಗಲಿಂಗ. ಚಾ ಹಾಗೆಯೇ ಇತ್ತು. "ಏನ ಕುಂದೈತಿ ಹೇಳು."

"ತಡಿ ಲೇ. ನೋಡಾಕತ್ತೇನಿ."

"ಎಷ್ಟ ನೋಡ್ತಿ?"

ಜಹೀರ ಒಳಗೆ ಹೋದ. ತರಬೇಡ, ತರಬೇಡ ಎಂದು ನಾನು ಮಾರ್ಜಿನ್ನಿನಲ್ಲಿ ಬರೆದೆ, ಅಡಿಗೆರೆ ಎಳೆದೆ. ಅವನು ಬೀರುವಿನಿಂದ ಗೇಣುದ್ದದ ರಟ್ಟಿನ ಬಸ್ಸನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದು ದೊಡ್ಡ ಬಸ್ಸಿನ ಮುಂದೆ ಇಟ್ಟ. ಸುಲ್ತಾನಾ ನೆಲ ನೋಡಿದಳು.

ನಾಗಲಿಂಗ ಬಗ್ಗಿದ. ಗುಂಡಿ ಅಲ್ಲೇ ಇತ್ತು, ದಾರ ಅಲ್ಲೇ ಇತ್ತು. ಆಮೇಲೆ ಅವನ ಕಣ್ಣು ಮೂರನೇ ಕಿಟಕಿಗೆ ಬಂತು. ಉಳಿದ ಕಿಟಕಿಗಳ ಪ್ಲಾಸ್ಟಿಕ್ಕು ಹಳದಿಗಟ್ಟಿ ಮುಚ್ಚಿಕೊಂಡಿತ್ತು. ಮೂರನೆಯದನ್ನು ಬ್ಲೇಡಿನಿಂದ ಕೊಯ್ದು ಅರ್ಧ ತೆರೆಯಲಾಗಿತ್ತು.

"ಇದು ಫೋಟೋದಾಗ ಮುಚ್ಚಿತ್ತಲ್ಲ."

"ಹೂಂ."

"ಯಾವಾಗ ಕೊಯ್ದಿ?"

"ನೀ ಗ್ರೂಪಿನ್ಯಾಗ ಹಾಕಿದ ಮರದಿನ."

"ಯಾಕ?"

"ನೀನ ಅಂದಿದ್ಯಲ್ಲ. ಮುಚ್ಚತಿದ್ದಿಲ್ಲ ಅಂತ."

ಹೊರಗೆ ಯಾರೋ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಬಂದರು. ಸುಲ್ತಾನಾ ಕೈಸನ್ನೆಯಿಂದಲೇ ಆಮೇಲೆ ಬರಲು ಹೇಳಿದಳು. ಇಲ್ಲಿ ಒಂದು ಒಳ್ಳೆಯ ಮಾತು ಬರಬೇಕೆಂದು ನಾನು ಕಾದೆ. ಬರಲಿಲ್ಲ.

ಜಹೀರ ಮತ್ತೆ ದೊಡ್ಡ ಬಸ್ಸಿನ ಮೂರನೇ ಕಿಟಕಿಯ ಮುಂದೆ ಕೂತು, ಒಂದು ಕಣ್ಣು ಮುಚ್ಚಿ, ಗಾಳಿಯಲ್ಲೇ ಬೆರಳಿನಿಂದ ಅಳೆದ.

"ಕುಂದ ಐತಿ ಲೇ."

"ಹೇಳು."

"ಸಂದಿ ಭಾಳ ದೊಡ್ಡದಾಗೇತಿ. ನಿನ್ನ ಸ್ಕೇಲಿಗೆ ಲೆಕ್ಕಾ ಹಾಕಿ ನೋಡು. ಇಷ್ಟ ಸಂದಿ ಒಬ್ಬನ ಅಂಗೈಗೆ ಮುಚ್ಚೂದಿಲ್ಲ. ಎರಡ ಕೈ ಬೇಕು."

ನಾಗಲಿಂಗ ಕಿಟಕಿಯನ್ನು ನೋಡಿದ. ತನ್ನ ಕೈ ಎತ್ತಿ ನೋಡಿಕೊಂಡ.

"ನಮ್ಮಪ್ಪನ ಕೈ ಭಾಳ ದೊಡ್ಡದಿತ್ತು," ಎಂದ.

೧೦.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕಟ್ಟಳೆ ಬಿಡಲಿಲ್ಲ. ಕುಂದು ಹೇಳಿಯಾಗಿದೆ, ಕಟ್ಟಿದವನು ಸರಿಪಡಿಸಬೇಕು. ನಾಗಲಿಂಗ ಚಿಮಟ ತೆಗೆದು ಗಾಜನ್ನು ಮೇಲೆ ಸರಿಸಲು ನೋಡಿದ. ಅಂಟು ಹಿಡಿದಿತ್ತು, ಸರಿಯಲಿಲ್ಲ. ಸ್ಪಿರಿಟ್ ಹಚ್ಚಿದ. ಸರಿಯಲಿಲ್ಲ. ಒತ್ತಿದರೆ ಗಾಜು ಸೀಳುತ್ತದೆ; ಅದರಲ್ಲಿ ಗುರುಲಿಂಗವ್ವನ ಮೊಣಕಾಲಿನ ಎಲುಬು ಇನ್ನೂ ತೆಳ್ಳಗೆ ಕಾಣುತ್ತದೆ. ನಾನೂ ನನ್ನ ಪೆನ್ನಿನ ತುದಿಯಿಂದ ಹಗುರಾಗಿ ಒಮ್ಮೆ ಎತ್ತಿ ನೋಡಿದೆ. ಮುಚ್ಚಲಿಲ್ಲ.

ಹೀಗಾಗಿ ಬಸ್ಸು ಇನ್ನೂ ಕೈ ಬದಲಾಗಿಲ್ಲ. ಅದು ಬಾದಾಮಿಯಲ್ಲಿದೆ, ಜಹೀರನದಾಗಿಲ್ಲ. ಅವನು ಇದುವರೆಗೆ ಅದನ್ನು ಮುಟ್ಟಿಲ್ಲ. ರವಿವಾರ ಅಂಗಡಿ ಮುಚ್ಚಿ ನಾಗಲಿಂಗ ಚಿಮಟ ಹಿಡಿದು ಬರುತ್ತಾನೆ, ಸ್ವಲ್ಪ ಹೊತ್ತು ಕಿಟಕಿ ಕೆದರುತ್ತಾನೆ, ಊಟ ಮಾಡಿ ಹೋಗುತ್ತಾನೆ. ಬಸ್ಸು ಇತ್ತೋ ಇಲ್ಲವೋ ಎಂಬ ಮಾತು ಇಬ್ಬರೂ ಎತ್ತುವುದಿಲ್ಲ. ಗ್ರೂಪಿನಲ್ಲಿ ಪೈಲ್ವಾನರು ಕೇಳುತ್ತಾರೆ: "ಬಸ್ ಮುಗೀತೇನ್ರಿ?"

ಈ ರವಿವಾರ ನಾನೂ ಹೋಗಿದ್ದೆ, ಏನಾದರೂ ಒಂದು ಕೊನೆ ಸಿಕ್ಕೀತೆಂದು. ಸೆಖೆ ಬಹಳ ಇತ್ತು. ಫ್ಯಾನು ಹಚ್ಚಿ ಎಂದೆ. ಸುಲ್ತಾನಾ ಗುಂಡಿ ಒತ್ತಿದಳು, ಮೇಜಿನ ಮೇಲಿನ ಬಸ್ಸಿನ ಕಡೆ ನೋಡಿದಳು, ಮತ್ತೆ ಬಂದ್ ಮಾಡಿದಳು.

"ಯಾಕಮ್ಮಾ?"

"ಕಿಟಕಿ ತೆರದೈತಲ್ರಿ," ಎಂದಳು. "ಗಾಳಿ ತಾಗತೈತಿ."

ಯಾರಿಗೆ ಎಂದು ಕೇಳಬೇಕು. ಮೂವರ ಮುಖವನ್ನೂ ನೋಡುತ್ತ, ಬೆವರುತ್ತ, ನಾನಿನ್ನೂ ಅಲ್ಲೇ ಕುಳಿತಿದ್ದೇನೆ.